ಬಾಗಿಲಲ್ಲಿ ಸಿಕ್ಕಿಬಿದ್ದ ಸಂಶೋಧನೆ

ನಾನು ಸಮಸ್ಯೆಗಳ ವಿಷಯದಲ್ಲಿ ತಜ್ಞ. ಇದನ್ನು ನಾನೇ ಹೇಳಿಕೊಳ್ಳುತ್ತಿರುವುದರಿಂದ ನಿಮಗೆ ಅನುಮಾನ ಬರಬಹುದು. ಆದರೆ ಧಾರವಾಡದ ಶಿಕ್ಷಕರ ತರಬೇತಿ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಪಾಠ ಹೇಳುತ್ತಿರುವ, ‘ಎಂಟನೇ ತರಗತಿಯ ವಿದ್ಯಾರ್ಥಿನಿಯರಲ್ಲಿ ಸಮಸ್ಯಾ ಪರಿಹಾರ ಸಾಮರ್ಥ್ಯ’ ಎಂಬ ವಿಷಯದ ಮೇಲೆ ಆರು ವರ್ಷಗಳಿಂದ ಪಿಎಚ್.ಡಿ. ಮಾಡುತ್ತಲೇ ಇರುವ ಮನುಷ್ಯನನ್ನು ತಜ್ಞ ಎನ್ನದೆ ಇನ್ನೇನು ಅನ್ನಬೇಕು? ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಯಾರ ಮನೆಯ ನಲ್ಲಿ ಕೆಟ್ಟರೂ ನಾನು ಹೋಗಿ, ಸಮಸ್ಯೆ ಎಂದರೇನು, ಅದನ್ನು ಬಿಡಿಸುವ ಹಂತಗಳು ಯಾವುವು ಎಂದು ವಿವರಿಸಿ ಬರುತ್ತೇನೆ. ನಲ್ಲಿಯನ್ನು ಆಮೇಲೆ ಪ್ಲಂಬರ್ ರಿಪೇರಿ ಮಾಡುತ್ತಾನೆ.

ನನ್ನ ಮಾರ್ಗದರ್ಶಕಿ ದೇಸಾಯಿ ಮೇಡಂ ಮಾತು ಕಡಿಮೆ ಆಡುವವರು. ಒಂದು ದಿನ ನನ್ನ ಪ್ರಶ್ನೆಪತ್ರಿಕೆಗಳನ್ನೆಲ್ಲ ಬದಿಗೆ ಸರಿಸಿ ಅಂದರು:

“ಕಟ್ಟಿಮನಿ, ಪುಸ್ತಕದಾಗಿನ ಲೆಕ್ಕಾ ಸಾಕು. ಹುಡುಗ್ಯಾರ ಮುಂದ ಖರೇ ಸಮಸ್ಯಾ ಇಡ್ರಿ. ನಾ ಬಂದು ನೋಡತೇನಿ. ಸರಿ ಅನಿಸಿದ್ರ ಸಹಿ ಮಾಡತೇನಿ. ಇಲ್ಲಂದ್ರ ವಿಷಯಾನ ಬದಲ ಮಾಡ್ರಿ.”

ಆರು ವರ್ಷದ ವಿಷಯ! ಬದಲಿಸುವುದೆಂದರೆ ಮತ್ತೆ ಒಂದನೇ ಪುಟದಿಂದ ಶುರು ಮಾಡಬೇಕು. ನಾನು ಮಾತ್ರ ಕಂಗೆಡಲಿಲ್ಲ.

ಹಳೇ ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಮಸ್ಯೆ ನನಗಾಗಿಯೇ ಕಾದು ನಿಂತಿತ್ತು. ಅಲ್ಲಿಯ ವಿಜ್ಞಾನ ಕೊಠಡಿಗೆ ಒಂದೇ ಬಾಗಿಲು, ಅದೂ ಇಕ್ಕಟ್ಟಿನದು. ಒಳಗೆ ಸಾಗವಾನಿಯ ಭಾರಿ ಟೇಬಲ್ಲು. ‘ಈ ಟೇಬಲ್ಲನ್ನು ವರಾಂಡಕ್ಕೆ ತನ್ನಿರಿ.’ ಇದೇ ಸಮಸ್ಯೆ! ನೇರವಾಗಿ ತಂದರೆ ಬರುವುದಿಲ್ಲ. ಅಡ್ಡ ಮಲಗಿಸಿ, ಮೊದಲು ಕಾಲು ಹೊರಗೆ ಹಾಕಿ, ಆಮೇಲೆ ಮೈ ತಿರುಗಿಸಿದರೆ ಬರುತ್ತದೆ. ರಟ್ಟಿನಲ್ಲಿ ಪುಟ್ಟ ಟೇಬಲ್ಲು ಮಾಡಿ, ಬೂಟಿನ ಡಬ್ಬಿಗೆ ಬಾಗಿಲು ಕೊರೆದು, ಮನೆಯಲ್ಲಿ ಹೆಂಡತಿ ಸುಜಾತಾಗೆ ತೋರಿಸಿದೆ. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಯಾವ ಪಾರ್ಸೆಲ್ಲನ್ನೂ ತೂಗದೆ ನಂಬುವವಳಲ್ಲ.

“ಡಬ್ಬ್ಯಾಗಿಂದ ಬಂತು, ಖರೆ. ಸಾಲಿ ಬಾಗಲದಾಗಿಂದ ಬರತೈತೇನು? ಒಮ್ಮಿ ಟೇಪ್ ಒಯ್ದು ಅಳದು ಬರ್ರಿ.”

“ಸುಜಾತಾ, ಒಳಗ ಹೋಗೇತಿ ಅಂದ ಮ್ಯಾಲ ಹೊರಗ ಬರಾಕಬೇಕಲ್ಲ? ಇದಕ್ಕ ತರ್ಕ ಅಂತಾರ.”

“ಆತ್ರಿ. ತರ್ಕಾನ ತಗೊಂಡು ಹೋಗ್ರಿ,” ಎಂದು ಅವಳು ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು.

ಪ್ರಯೋಗದ ದಿನ ಮೂರನೇ ಪಿರಿಯಡ್ಡಿನಿಂದ ಊಟದ ಗಂಟೆಯವರೆಗೆ ನನಗೆ ಸಮಯ ಸಿಕ್ಕಿತು. ದೇಸಾಯಿ ಮೇಡಂ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಆರು ಹುಡುಗಿಯರು ಸಾಲಾಗಿ ನಿಂತರು. ತರಗತಿಯ ಶಿಕ್ಷಕಿ ನನ್ನ ಹತ್ತಿರ ಬಂದು, ಕೊನೆಯಲ್ಲಿ ನಿಂತಿದ್ದ ತೆಳ್ಳಗಿನ ಹುಡುಗಿಯ ಕಡೆ ತೋರಿಸಿ, “ಸರ್, ತಹಸೀನ್‌ನ ಬಿಟ್ಟು ಬ್ಯಾರೇದಾಕಿನ್ನ ತಗೋತೀರೇನು? ಅಕಿ ಕೆಲಸ ಮಾಡಂಗಿಲ್ರಿ, ಬರೇ ಪ್ರಶ್ನಿ ಕೇಳತಾಳ,” ಎಂದು ಪಿಸುಗುಟ್ಟಿದರು. ಸಂಶೋಧನೆಯಲ್ಲಿ ದಡ್ಡರೂ ಇರಬೇಕು ಎಂದು ನಾನು ಉದಾರವಾಗಿ ಒಪ್ಪಿಕೊಂಡೆ.

ನಿಯಮಗಳನ್ನು ಗಂಭೀರವಾಗಿ ಓದಿದೆ. ಸಂಶೋಧಕರು ಯಾವುದೇ ಸುಳಿವು ಕೊಡತಕ್ಕದ್ದಲ್ಲ. ಹೊರಗಿನವರ ಸಹಾಯ ಪಡೆಯತಕ್ಕದ್ದಲ್ಲ. ಮೀರಿದವರಿಗೆ ಸೊನ್ನೆ!

ಐದು ಹುಡುಗಿಯರು ಟೇಬಲ್ಲಿಗೆ ಮುತ್ತಿಗೆ ಹಾಕಿದರು. ಎತ್ತಿದರು, ನೂಕಿದರು, ವೇಲಿನಿಂದ ಬಾಗಿಲು ಅಳೆದರು. ತಹಸೀನ್ ಮಾತ್ರ ಟೇಬಲ್ಲಿನ ಕೆಳಗೆ ಇಣುಕಿ ನೋಡಿ, ಸುಮ್ಮನೆ ಹೊರಗೆ ನಡೆದುಬಿಟ್ಟಳು! ಐದು ನಿಮಿಷದ ಮೇಲೆ ಬಂದು, “ಸರ್ರಿ, ಈ ಟೇಬಲ್ಲು…” ಎಂದು ಶುರು ಮಾಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅಂಕದ ಹಾಳೆಯಲ್ಲಿ ಬರೆದೆ: ‘ತಹಸೀನ್: ಸೊನ್ನೆ. ಷರಾ: ಸಮಸ್ಯೆಯಿಂದ ವಿಮುಖಳಾಗಿದ್ದಾಳೆ.’ ‘ವಿಮುಖಳಾಗಿದ್ದಾಳೆ’ ಎಂಬ ಪದ ಹೊಳೆದದ್ದಕ್ಕೆ ನನಗೇ ಹೆಮ್ಮೆಯಾಯಿತು.

ಕಾಲು ಗಂಟೆಯಾದ ಮೇಲೆ ಹುಡುಗಿಯರು ಬೆವರೊರೆಸಿಕೊಂಡು, “ಬರಂಗಿಲ್ರಿ ಸರ್,” ಅಂದರು.

ಇದೇ ನಾನು ಕಾಯುತ್ತಿದ್ದ ಗಳಿಗೆ! ಕೈಗಡಿಯಾರ ಬಿಚ್ಚಿದೆ. ತೋಳು ಮಡಚಿದೆ. ಮೇಡಂಗೆ ಕೇಳಿಸುವಷ್ಟು ಗಟ್ಟಿಯಾಗಿ, “ಸಮಸ್ಯಾ ಟೇಬಲ್ಲಿನ್ಯಾಗ ಇಲ್ಲವಾ, ನಾವು ನೋಡೋ ರೀತಿಯೊಳಗ ಐತಿ,” ಎಂದೆ. ಹುಡುಗಿಯರನ್ನು ಹೊರಗೆ ನಿಲ್ಲಿಸಿ ನಾನು ಒಳಗೆ ನಿಂತೆ. ಟೇಬಲ್ಲನ್ನು ಅಡ್ಡ ಮಲಗಿಸಿ ಎರಡು ಕಾಲು ಹೊರಗೆ ತೂರಿಸಿದೆ. “ಹೂಂ, ಎಳೀರಿ!” ಅವರು ಎಳೆದರು. ನಾನು ಭುಜ ಕೊಟ್ಟು ನೂಕಿದೆ.

ಕಟಕ್!

ಟೇಬಲ್ಲು ನಿಂತಿತು. ಹೊರಗೆಳೆದರೆ ಬರಲಿಲ್ಲ. ನೂಕಿದರೆ ಇನ್ನಷ್ಟು ಬಿಗಿಯಾಯಿತು. ಬಾಗಿಲಿಗೆ ಬೂಚು ಬಡಿದ ಹಾಗಾಗಿತ್ತು. ಕಿಟಕಿಗೆ ಕಬ್ಬಿಣದ ಸರಳು. ಇಡೀ ಶಾಲೆ ಹೊರಗೆ, ನಾನೊಬ್ಬನೇ ಒಳಗೆ.

ಟೇಬಲ್ಲಿನ ಅಂಚಿನ ಮೇಲಿನಿಂದ ಮೇಡಂ ಮುಖ ಕಾಣಿಸಿತು. “ಕಟ್ಟಿಮನಿ, ಇದೂ ಪ್ರಯೋಗದ ಭಾಗ ಏನ್ರಿ?”

“ಹೌದ್ರಿ ಮೇಡಂ,” ಎಂದುಬಿಟ್ಟೆ!

ಆ ಒಂದು ಮಾತಿನಿಂದ ‘ಕಾಪಾಡ್ರಿ’ ಎಂದು ಕೂಗುವ ಹಕ್ಕನ್ನೂ ಕಳೆದುಕೊಂಡೆ. ಮೇಡಂ ಹೋಗಿ ಕುರ್ಚಿಯಲ್ಲಿ ಕೂತರು. ನಾನು ಟೇಬಲ್ಲಿನ ಸಂದಿಯಿಂದ ಕಾವೇರಿ ಎಂಬ ಚುರುಕಿನ ಹುಡುಗಿಯನ್ನು ಕರೆದು, “ಲಗೂನ ಹೋಗಿ ಒಬ್ಬ ಬಡಿಗ್ಯಾನ ಕರಕೊಂಡ ಬಾರವಾ,” ಎಂದು ಪಿಸುಗುಟ್ಟಿದೆ.

“ಹೊರಗಿನವರ ಸಹಾಯ ತಗೋಬಾರದು ಅಂತ ನೀವ ಓದೀರಲ್ರಿ ಸರ್?”

“ಹಂಗಾರ ಆ ಕಾಲು ಎಡಕ್ಕ ತಿರಗಿಸಿ ನೋಡ್ರಿ.”

“ಅದು ಸುಳಿವು ಆಗತೈತ್ರಿ. ಸೊನ್ನಿ ಬೀಳತೈತಿ.”

ಹದಿನಾಲ್ಕು ವರ್ಷದ ಸೇವೆಯಲ್ಲಿ ನನ್ನ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ವಿದ್ಯಾರ್ಥಿಗಳನ್ನು ನಾನು ಕಂಡೇ ಇರಲಿಲ್ಲ!

ಊಟದ ಗಂಟೆ ಬಾರಿಸಿತು. ತಟ್ಟೆ ಹಿಡಿದ ಮಕ್ಕಳೆಲ್ಲ ವರಾಂಡದಲ್ಲಿ ನೆರೆದರು. ಅಡುಗೆಯ ಫಕೀರವ್ವ ಟೇಬಲ್ಲಿನ ಮೇಲಿನಿಂದ ಅನ್ನ, ಸಾರಿನ ತಟ್ಟೆ ದಾಟಿಸಿ, “ಉಣ್ರಿ ಸರ. ಹಸದ ಹೊಟ್ಟ್ಯಾಗ ಸಂಸೋಧನಿ ಆಗಂಗಿಲ್ಲ,” ಅಂದಳು. ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಉಂಡೆ. ಐದನೇ ತರಗತಿಯ ಪುಟ್ಟಿಯೊಬ್ಬಳು ಸಂದಿಯಿಂದ ಇಣುಕಿ ಕೇಳಿದಳು:

“ಅಕ್ಕಾ, ಈ ಸರ್ ಯಾಕ ಒಳಗ ಕುಂತಾರ?”

“ಪಿಎಚ್.ಡಿ. ಮಾಡಾಕತ್ತಾರ,” ಅಂದಳು ಕಾವೇರಿ.

ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತು ಮರ್ಯಾದೆಯನ್ನು ತಟ್ಟೆಯ ಪಕ್ಕದಲ್ಲಿಟ್ಟು ಹೇಳಿದೆ: “ಮೇಡಂ, ಇದು ಪ್ರಯೋಗ ಅಲ್ರಿ. ಖರೇನ ಸಿಕ್ಕೊಂಡೇನಿ.”

“ಗೊತ್ತೈತ್ರಿ,” ಎಂದರು ಮೇಡಂ, ಕೈ ತೊಳೆದುಕೊಳ್ಳುತ್ತ. “ನೀವು ಯಾವಾಗ ಹೇಳತೀರಿ ಅಂತ ಕಾಯಾಕತ್ತಿದ್ದೆ.”

ನಿಯಮಗಳೆಲ್ಲ ರದ್ದಾದವು. ಮುಖ್ಯೋಪಾಧ್ಯಾಯಿನಿ, ಶಿಕ್ಷಕಿಯರು, ಹುಡುಗಿಯರು ಎಲ್ಲರೂ ಸೇರಿ ಎರಡು ಕಾಲು ಹಿಡಿದು ಜಗ್ಗಿದರು. ಚೌಕಟ್ಟಿನ ಸುಣ್ಣ ಉದುರಿತು. ಟೇಬಲ್ಲು ಕದಲಲಿಲ್ಲ. ಆಗ ಗುಂಪಿನ ಹಿಂದಿನಿಂದ ಸಣ್ಣ ದನಿ ಬಂತು.

“ಸರ್ರಿ, ಒಂದು ಕೇಳಲೇನ್ರಿ?” ತಹಸೀನ್.

“ಕೇಳವಾ ತಾಯಿ!”

“ಈಗ ಹೊರಗ ಬರಬೇಕಾದದ್ದು ಟೇಬಲ್ಲೋ, ನೀವೋ?”

ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

“ನಾನು,” ಎಂದೆ.

“ಮತ್ತ ಟೇಬಲ್ ಯಾಕ ಹೊರಗ ಎಳ್ಯಾಕತ್ತೇವ್ರಿ? ಒಳಗ ದೂಡಿದ್ರ ಆತಲ್ರಿ?”

ಫಕೀರವ್ವ ಅಡುಗೆ ಎಣ್ಣೆ ತಂದು ಚೌಕಟ್ಟಿಗೆ ಸವರಿದಳು. ಹೊರಗಿನಿಂದ ಎಲ್ಲರೂ ದೂಡಿದರು, ಒಳಗಿನಿಂದ ನಾನು ಎಳೆದೆ. ಮೂರನೆಯ ಸಲ ದೂಡಿದಾಗ ಟೇಬಲ್ಲು ಧಡಲ್ಲನೆ ಒಳಗೆ ಬಂತು. ನಾನು ಹಿಂದಕ್ಕೆ ಬಿದ್ದು ಸಾರಿನ ತಟ್ಟೆಯ ಮೇಲೆ ಕೂತೆ. ಚಪ್ಪಾಳೆ! ಬೆನ್ನ ಕೆಳಗೆಲ್ಲ ಹಳದಿಯಾಗಿ ನಾನು ಜಗತ್ತಿಗೆ ಮರಳಿದೆ.

“ತಹಸೀನ್, ಆವಾಗ ಏನೋ ಹೇಳಾಕ ಬಂದಿದ್ದೆಲ್ಲ, ಏನದು?” ಎಂದು ಮೇಡಂ ಕೇಳಿದರು.

“ಟೇಬಲ್ಲು ಒಳಗ ಹ್ಯಾಂಗ ಬಂತು ಅಂತ ಫಕೀರವ್ವ ಆಯಿನ್ನ ಕೇಳಿ ಬಂದಿದ್ದೆ ರೀ. ಬಡಿಗ್ಯಾ ಅದನ್ನ ಈ ಖೋಲ್ಯಾಗ ಕುಂತ ಮಾಡಿದ್ದಂತ್ರಿ. ಒಮ್ಮಿಯೂ ಬಾಗಲಾ ದಾಟಿಲ್ಲಂತ. ಬಿಚ್ಚಿದ್ರಷ್ಟ ಹೊರಗ ಬರತೈತಿ ಅಂತ ಹೇಳಾಕ ಬಂದಿದ್ದೆ.”

ಮೇಡಂ ಕೈ ಚಾಚಿದರು. ನಾನು ಅಂಕದ ಹಾಳೆ ಕೊಟ್ಟೆ. ಅವರು ಬೈಯಲಿಲ್ಲ. ‘ಸಮಸ್ಯೆಯಿಂದ ವಿಮುಖಳಾಗಿದ್ದಾಳೆ’ ಎಂಬುದನ್ನು ನಿಧಾನವಾಗಿ, ಸ್ಪಷ್ಟವಾಗಿ ಒಮ್ಮೆ ಓದಿದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನಾನು ಹಾಳೆ ಇಸಿದುಕೊಂಡು ಸೊನ್ನೆಯನ್ನು ಹೊಡೆದುಹಾಕಿ ಹತ್ತಕ್ಕೆ ಹತ್ತು ಬರೆದೆ. “ನಾ ಟೇಬಲ್ ಮುಟ್ಟೇ ಇಲ್ಲಲ್ರಿ ಸರ್?” ಎಂದು ಹುಡುಗಿ ಮತ್ತೆ ಪ್ರಶ್ನೆಯನ್ನೇ ಕೇಳಿದಳು. ತರಗತಿಯ ಶಿಕ್ಷಕಿ ಅವಳ ಬೆನ್ನ ಮೇಲೆ ಕೈಯಿಟ್ಟು, “ಕೇಳವಾ, ನಾಳೆಯಿಂದ ನನ್ನ ಕ್ಲಾಸಿನ್ಯಾಗೂ ಕೇಳು,” ಅಂದರು. ಆರು ವರ್ಷ ಗ್ರಂಥಾಲಯದಲ್ಲಿ ಹುಡುಕಿದ್ದು ಹಳೇ ಹುಬ್ಬಳ್ಳಿಯ ವರಾಂಡದಲ್ಲಿ ವೇಲು ಸರಿಪಡಿಸಿಕೊಳ್ಳುತ್ತ ನನ್ನೆದುರು ನಿಂತಿತ್ತು. ನನ್ನ ಸ್ವಂತ ಮಗಳು ಗೆದ್ದಿದ್ದರೂ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ. ಸಾರಿನ ಪ್ಯಾಂಟಿನಲ್ಲೇ ಎದೆಯುಬ್ಬಿಸಿ ನಿಂತೆ!

ಮೇಡಂ ಸಹಿ ಮಾಡಿದರು, ಒಂದು ಷರತ್ತಿನ ಮೇಲೆ: ಪ್ರಶ್ನೆ ಕೇಳಿದ್ದಕ್ಕೂ ಅಂಕ ಇಡಬೇಕು. ಅದರ ಮೇಲೆಯೇ ಹೊಸದೊಂದು ಅಧ್ಯಾಯ ಬರೆದೆ. ಪ್ರಬಂಧದಲ್ಲಿ ಓದಲು ಯೋಗ್ಯವಾದದ್ದು ಅದೊಂದೇ ಎಂದು ನೋಡಿದವರು ಹೇಳುತ್ತಾರೆ.

ಆದರೆ ಸಂಶೋಧಕನೆಂದ ಮೇಲೆ ಸತ್ಯ ಮರೆಮಾಚಬಾರದು. ಹಾಗಾಗಿ ‘ಅಧ್ಯಯನದ ಇತಿಮಿತಿಗಳು’ ಎಂಬ ಭಾಗದಲ್ಲಿ ಬಹಳ ಘನತೆಯಿಂದ ಒಂದು ವಾಕ್ಯ ಸೇರಿಸಿದೆ: ‘ಅನಿವಾರ್ಯ ಕಾರಣಗಳಿಂದ ಸಂಶೋಧಕನು ಸುಮಾರು ಒಂದು ಗಂಟೆ ಕಾಲ ಪ್ರಯೋಗದ ಕೊಠಡಿಯೊಳಗೇ ಉಳಿಯಬೇಕಾಯಿತು.’

ಕರಡು ಮೇಡಂ ಕೈಯಿಂದ ವಾಪಸ್ಸು ಬಂತು. ಇನ್ನೂರೈವತ್ತು ಪುಟಗಳಲ್ಲಿ ಒಂದೇ ಒಂದು ತಿದ್ದುಪಡಿ. ‘ಅನಿವಾರ್ಯ ಕಾರಣಗಳಿಂದ’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ದುಂಡಗೆ ಬರೆದಿದ್ದರು: ‘ಯಾರನ್ನೂ ಕೇಳದ ಕಾರಣದಿಂದ.’

ಹಾಗೆಯೇ ಅಚ್ಚಾಗಿದೆ!