ದೊಡ್ಡವು ಸತ್ತಾವ್ರೀ, ಸರ್!

ಜಗಳ ಶುರುವಾದದ್ದು ಹನಿ ನೀರಿನಲ್ಲಿ ಅಡಗುವಷ್ಟು ಸಣ್ಣ ಜೀವಿಗಳಿಂದ. ಸಮುದ್ರದಲ್ಲಿ ತೇಲಾಡುವ ಪ್ಲವಕಗಳೆಂಬ ಈ ಜೀವಿಗಳು ಒಂದನ್ನೊಂದು ತಿಂದು ಹೇಗೆ ಬದುಕುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ವರದಾಳ ಕೆಲಸ. ಧಾರವಾಡದಿಂದ ಮರಾಠಿ ಸೀಮೆಯ ಶಿವಾಜಿನಗರದ ಸಂಶೋಧನಾ ಸಂಸ್ಥೆಗೆ ಬಂದು ವರ್ಷವಾಗಿತ್ತು. ಜಾತಿ, ಹೆಸರು ಏನೂ ಕೇಳದೆ, ಮೈಯ ಗಾತ್ರವೊಂದನ್ನೇ ನೋಡಿ ಅವಳು ಪ್ಲವಕಗಳನ್ನು ವಿಂಗಡಿಸಿದ್ದಳು.

"ಅಂಗಿ ಅಂಗಡ್ಯಾಗಿನ ಸ್ಮಾಲ್, ಮೀಡಿಯಂ, ಲಾರ್ಜ್ ಇದ್ದಂಗಾತಲ್ಲ!" ಎಂದು ನಕ್ಕ ಮಧುಕರ. ಸೂಕ್ಷ್ಮದರ್ಶಕದಲ್ಲಿ ಅವುಗಳ ಕಾಲೆಣಿಸುತ್ತಲೇ ತಲೆಗೂದಲು ಉದುರಿಸಿಕೊಂಡ ಸಹೋದ್ಯೋಗಿ ಅವನು.

ಆ ಬೆಳಿಗ್ಗೆ ಕಂಪ್ಯೂಟರ್ ಹೇಳಿತು: ಎರಡೇ ತಿಂಗಳಲ್ಲಿ ದೊಡ್ಡ ಪ್ಲವಕಗಳೆಲ್ಲ ಖಲಾಸ್.

"ಹಂಗ ಹೆಂಗ ಸಾಯ್ತಾವು? ಒಂದೆರಡು ಅಂಕಿ ಹೊಂದಿಸ್ರಿ, ಬದುಕ್ತಾವು," ಎಂದರು ಮುಖ್ಯಸ್ಥ ಪ್ರಲ್ಹಾದರಾಯರು.

"ಹೊಂದಿಸೂದಿಲ್ರೀ ಸರ್. ದೊಡ್ಡವು ಸತ್ತಾವ. ನಿಮ್ಮ ಸಲುವಾಗಿ ಎಬ್ಬಿಸಿ ಕೂಡಸಲಿಕ್ಕೆ ಆಗೂದಿಲ್ಲ."

"ಹಂಗಾರ ನನ್ನ ಮುಂದ ಮತ್ತೊಮ್ಮೆ ಓಡಿಸಿ ತೋರಸ್ರಿ!"

ಪ್ರೋಗ್ರಾಮ್ ಓಡಿಸುತ್ತಿರುವಾಗಲೇ ಕರೆಂಟು ಹೋಯಿತು. ವರದಾ ಬಿಡುವವಳೇ? ಕಂಪ್ಯೂಟರಿನ ಡಬ್ಬಿಯನ್ನು ಕೂಸಿನಂತೆ ಎದೆಗವಚಿಕೊಂಡು, ಮಾನಿಟರನ್ನು ಮಧುಕರನ ಹೆಗಲಿಗೇರಿಸಿ, ಜನರೇಟರ್ ಇದ್ದ ಕ್ಯಾಂಟೀನಿಗೆ ಇಳಿದಳು. ರಾಯರೂ ಹಿಂದೆಯೇ ಬಂದರು. ಕ್ಯಾಂಟೀನಿನ ಜಟ್ಟೆಪ್ಪ ಚಟ್ನಿಯ ಮಿಕ್ಸರ್ ಸರಿಸಿ ಜಾಗ ಕೊಟ್ಟ. ಊಟಕ್ಕೆ ಬಂದವರೆಲ್ಲ ಕ್ರಿಕೆಟ್ ನೋಡುವವರಂತೆ ಮುತ್ತಿಕೊಂಡು, "ಕಾಯ್ ಝಾಲಂ? ಏನಾತು?" ಎಂದರು.

"ದೊಡ್ಡವು ಸಾಯಾಕ ಹತ್ಯಾವ!" ಜಟ್ಟೆಪ್ಪ ಸೌಟು ಎತ್ತಿ ಕೂಗಿದ. ಜೀವಮಾನವಿಡೀ ದೊಡ್ಡವರಿಗೆ ಚಹಾ ಒಯ್ದವನು. ಅವನಿಗೆ ಸಣ್ಣವುಗಳದೇ ಪಕ್ಷ.

ದೊಡ್ಡವು ಮತ್ತೆ ಸತ್ತವು. ಅಷ್ಟು ಜನರ ಚಪ್ಪಾಳೆಯ ನಡುವೆ ರಾಯರು ಬಗ್ಗಲೇಬೇಕಾಯಿತು. "ಆತು, ಒಪ್ಪಿದೆ," ಎಂದು, ಗೋವಾದ ಸಮುದ್ರ ತಜ್ಞರಿಗೆ ಫೋನ್ ಮಾಡಿ ಫಲಿತಾಂಶ ತಿಳಿಸಲು ಮೇಲೆ ಹೋದರು.

ಗೆದ್ದ ಹುರುಪಿನಲ್ಲಿ ವರದಾ ಚಹಾ ಹೀರುತ್ತ ಪ್ರೋಗ್ರಾಮಿನ ಮೇಲೆ ಕಣ್ಣಾಡಿಸಿದಳು. ಲೋಟ ಕೆಳಗಿಟ್ಟು ಇನ್ನೊಮ್ಮೆ ಓದಿದಳು. ದೊಡ್ಡವುಗಳ ಗಾತ್ರವನ್ನು ಮಿಲಿಮೀಟರಿನಲ್ಲಿ ಕೊಡುವ ಬದಲು ಮೈಕ್ರಾನಿನಲ್ಲಿ ಕೊಟ್ಟುಬಿಟ್ಟಿದ್ದಳು. ಅಂಕಿ ಸಾವಿರ ಪಟ್ಟಾಗಿ, ಸಾಸಿವೆ ಕಾಳಿನಷ್ಟಿರಬೇಕಾದ ಪ್ಲವಕ ಎಮ್ಮೆಯಷ್ಟಾಗಿತ್ತು! ಧೂಳಿನಷ್ಟು ಮೇವಿನಲ್ಲಿ ಎಮ್ಮೆ ಬದುಕೀತೇ? ಉಪವಾಸ ಬಿದ್ದು ಸತ್ತಿತ್ತು.

ಮೆಟ್ಟಿಲು ಹಾರಿ ಓಡಿದಳು. "ಸರ್, ತಪ್ಪಾಗ್ಯದರೀ! ನನ್ನ ಲೆಕ್ಕನ ತಪ್ಪು!"

ರಾಯರು ಬೆವರೊರೆಸಿಕೊಳ್ಳುತ್ತ ಫೋನ್ ಇಟ್ಟರು. "ಗೋವಾದವರೂ ಹಂಗ ಅಂದ್ರು. ಅರ್ಧ ತಾಸು ಜಗಳಾಡಿ ಬಾಯಿ ಮುಚ್ಚಿಸೇನಿ. ಇನ್ನ ಸಮುದ್ರನ ಎದ್ದು ಬಂದು ಹೇಳಿದ್ರೂ ದೊಡ್ಡವು ಬದುಕೂದಿಲ್ಲ!"

"ಅದು ಎಮ್ಮಿ ಅದರೀ ಸರ್!"

"ಇರವಲ್ಲದ್ಯಾಕ, ಇರಲಿ ಬಿಡ್ರಿ!"

ವರದಾ ಕುರ್ಚಿ ಎಳೆದು ಅವರೆದುರು ಕುಳಿತಳು. "ಬದುಕ್ತಾವ್ರಿ," ಎಂದಳು. "ಒಪ್ಪೋತನಕ ನಾ ಏಳೂದಿಲ್ಲ."