ಗೆದ್ದರೆ ಮಾರುವ ದೋಣಿ

ನೀರು, ಗಾಳಿ, ಹಗ್ಗ, ಜೊತೆಗೆ ಎಂಟು ಜನ ಗಂಡಸರು. ಇಷ್ಟನ್ನೂ ಒಂದೇ ದೋಣಿಗೆ ಹಾಕಿ ನೂಕಿದರೆ ಏನೂ ಆಗದೆ ಇರುತ್ತಾ? ವರ್ಷಾ ವರ್ಷಾ ಆಗ್ತಾನೇ ಇರುತ್ತೆ. ಅದರಲ್ಲೂ ಆ ಎಂಟರಲ್ಲಿ ಇಬ್ಬರು ಈಜು ಕಲಿತಿದ್ದೇ ನಲವತ್ತು ದಾಟಿದ ಮೇಲೆ ಅಂದರೆ ಕೇಳಲೇಬೇಡಿ. ಒಬ್ಬ ನಾನು, ಮೈಸೂರಿನವನು, ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಇನ್ನೊಬ್ಬ ನನ್ನ ಗೆಳೆಯ, ಹುಬ್ಬಳ್ಳಿಯವನು, ಮಿಷಿಗನ್ ರಾಜ್ಯದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರು ಕಂಪನಿ ಎಂಜಿನಿಯರ್.

ನಮ್ಮ ಕ್ಯಾಪ್ಟನ್ ನಮ್ಮ ಬಡಾವಣೆಯ ಮೂಲೆಮನೆಯವರು. ಎಪ್ಪತ್ತು ದಾಟಿದ ಅಮೆರಿಕನ್ ಅಜ್ಜ. ಅವರ ಮನೆ ವೈಫೈ ಸರಿಮಾಡೋಕೆ ಹೋದವನು ನಾನು, ವಾಪಸ್ ಬರುವಷ್ಟರಲ್ಲಿ ಅವರ ದೋಣಿಗೆ ಆಳಾಗಿದ್ದೆ. ಮುಂದಿನ ವರ್ಷ ಇನ್ನೊಬ್ಬ ಬೇಕು ಅಂದರು, ಹುಬ್ಬಳ್ಳಿಯವನನ್ನೂ ಎಳೆದು ತಂದೆ. ಈ ಕಥೆ ಆ ವರ್ಷದ್ದು.

ರೇಸು ಪ್ರತಿ ಜುಲೈನಲ್ಲಿ. ಶಿಕಾಗೋದಲ್ಲಿ ಹಾಯಿ ಬಿಚ್ಚಿದರೆ, ಲೇಕ್ ಮಿಷಿಗನ್ ಉದ್ದಕ್ಕೂ ಮುನ್ನೂರು ಚಿಲ್ಲರೆ ಮೈಲಿ ಹೋಗಿ, ಉತ್ತರದ ತುದಿಯ ದ್ವೀಪ ಮುಟ್ಟಬೇಕು. ಎಂಜಿನ್ ಹಾಕಿದರೆ ಔಟ್. ಗಾಳಿ ಇದ್ದರೆ ಎರಡು ದಿನ, ಇಲ್ಲದಿದ್ದರೆ ದೇವರಿಗೇ ಗೊತ್ತು. ಕ್ಯಾಪ್ಟನ್ ಇದನ್ನ ಎರಡು ಸಲ ಗೆದ್ದಿದ್ದರು. ಮೂರನೇ ಸಲಕ್ಕೆ ಒದ್ದಾಡುತ್ತಿದ್ದರು.

೧. ಫಲಕದ ಕೆಳಗೆ ನಿಂತವರು

ಬಂದರಿನ ಕ್ಲಬ್ಬಿನಲ್ಲಿ ಒಂದು ಗೋಡೆ ತುಂಬಾ ಹಿತ್ತಾಳೆ ಫಲಕಗಳು. ಒಂದೊಂದರ ಮೇಲೂ ಗೆದ್ದ ದೋಣಿಯ ಹೆಸರು. ರೇಸಿನ ಮುಂಚಿನ ಪಾರ್ಟಿಯಲ್ಲಿ ಹಳೇ ವಿಜೇತರೆಲ್ಲ ತಮ್ಮ ತಮ್ಮ ಫಲಕದ ಕೆಳಗೇ ಗ್ಲಾಸ್ ಹಿಡಿದುಕೊಂಡು, ಬೇರೆಲ್ಲೋ ನೋಡ್ತಾ ನಿಂತಿರುತ್ತಾರೆ. ಯಾರಾದರೂ ಬಂದು "ಓಹೋ, ಇದು ನೀವೇನಾ?" ಅಂತ ಕೇಳಲಿ ಅಂತ.

ಹುಬ್ಬಳ್ಳಿಯವನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಪಾಪ, ಸ್ಟರ್ಲಿಂಗ್ ಹೈಟ್ಸ್‌ನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ನೇರವಾಗಿ ಬಂದಿದ್ದ. ಒಬ್ಬ ಮುದುಕರ ಹತ್ತಿರ ಹೋಗಿ ಬಾತ್‌ರೂಮ್ ಎಲ್ಲಿ ಅಂತ ಕೇಳಿದ. "ಅಗೋ, ಆ ಕಡೆ" ಅಂದರು ಅವರು, "ನಾವು ಗೆದ್ದ ವರ್ಷ ಗಾಳಿಯೂ ಸರಿಯಾಗಿ ಆ ಕಡೆಯಿಂದಲೇ ಬಂತು ನೋಡು." ಅಲ್ಲಿಂದ ಶುರು. ಪಕ್ಕದ ಫಲಕದ ಅಜ್ಜ "ಅದೂ ಒಂದು ಗಾಳಿನಾ? ನಾವು ಗೆದ್ದ ವರ್ಷದ್ದು ಗಾಳಿ!" ಅಂತ ಬಂದು ಸೇರಿಕೊಂಡರು.

ಇತ್ತ ಕ್ಯಾಪ್ಟನ್ ಹೆಂಡತಿ ನನ್ನನ್ನ ಮೂಲೆಗೆ ಕರೆದರು. ಅವರನ್ನ ನಾವು ಮೇಡಂ ಅಂತಲೇ ಕರೆಯೋದು.

"ಈ ಮನುಷ್ಯ ಒಂದು ಸಲ ಗೆದ್ದರೆ ದೋಣಿ ಮಾರ್ತೀನಿ ಅಂದ. ಗೆದ್ದ. ಒಂದು ಗೆಲುವನ್ನ ಜನ ಅದೃಷ್ಟ ಅಂತಾರೆ, ಇನ್ನೊಂದು ಗೆದ್ದು ಮಾರ್ತೀನಿ ಅಂದ. ಅದನ್ನೂ ಗೆದ್ದ. ಈಗ ಮೂರನೇದಂತೆ. ಅರಿಜೋನಾದಲ್ಲಿ ಮಗಳಿದಾಳೆ, ಮೊಮ್ಮಕ್ಕಳಿದಾರೆ. ಅವು ನನ್ನನ್ನ ಫೋನಲ್ಲೇ ನೋಡಿಕೊಂಡು ದೊಡ್ಡವಾಗ್ತಿವೆ. ಈ ಸಲ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಂಡಿದೀನಿ. ಗೆದ್ದರೆ ದೋಣಿ ಮಾರಾಟ, ನಾವು ಅರಿಜೋನಾಗೆ." ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ನೀನು ಗೆಲ್ಲಿಸಿಕೊಂಡು ಬಾ."

ಆಗಲಿ ಮೇಡಂ ಅಂದೆ. ಅಷ್ಟು ಹೊತ್ತಿಗೆ ಹುಬ್ಬಳ್ಳಿಯವನು ಕಾಲಿಗೆ ಕಾಲು ಹೆಣೆದುಕೊಂಡು ಎದುರಿಗೆ ಬಂದ. ಬಾತ್‌ರೂಮ್ ಸಿಕ್ತೇನೋ ಅಂದೆ.

"ಎಲ್ಲಿ ಸಿಗತೈತಲೇ! ಇಬ್ಬರು ಚಾಂಪಿಯನ್ನರನ್ನ ದಾಟೀನಿ. ಇನ್ನೂ ಮೂವರು ದಾರ್ಯಾಗ ನಿಂತಾರ!"

೨. ಭಾರ

ದೋಣಿ ಹಗುರ ಇದ್ದಷ್ಟೂ ವೇಗ ಅನ್ನೋದು ಕ್ಯಾಪ್ಟನ್ ನಂಬಿಕೆ. ಟೂತ್‌ಬ್ರಷ್ ಹಿಡಿಯನ್ನ ಅರ್ಧಕ್ಕೆ ಕತ್ತರಿಸಿಕೊಂಡು ಬರಬೇಕು. ಹೊರಡೋ ದಿನ ಬೆಳಿಗ್ಗೆ ಬಂದರಿನಲ್ಲಿ ತಕ್ಕಡಿ ಹಿಡಿದು ನಿಂತು ಒಬ್ಬೊಬ್ಬರ ಬ್ಯಾಗೂ ತೂಗುತ್ತಾರೆ.

ನನ್ನ ಬ್ಯಾಗು ತೂಗಿದರು. ಮುಖ ಕೆಂಪಾಯಿತು. ಜಿಪ್ ಎಳೆದರು. ಮೊದಲು ಬಂದಿದ್ದು ಚಕ್ಕುಲಿ ಡಬ್ಬ, ಆಮೇಲೆ ಪುಳಿಯೋಗರೆ ಗೊಜ್ಜು, ನಿಂಬೆಕಾಯಿ ಉಪ್ಪಿನಕಾಯಿಯ ಗಾಜಿನ ಬಾಟಲಿ, ಕೊನೆಗೆ ಮೂರು ಲೀಟರಿನ ಪ್ರೆಶರ್ ಕುಕ್ಕರ್. ಕುಕ್ಕರ್ ಇಟ್ಟಿರೋದು ನನಗೇ ಗೊತ್ತಿರಲಿಲ್ಲ. ಎಲ್ಲಾ ನನ್ನ ಹೆಂಡತಿಯ ಕಾಳಜಿ.

"ಇದರಲ್ಲಿ ಏನು ಮಾಡ್ತೀಯ?" ಅಂದರು ಕ್ಯಾಪ್ಟನ್, ಕುಕ್ಕರಿನ ವಿಷಲ್ಲನ್ನ ಬೆರಳಲ್ಲಿ ತಿರುಗಿಸಿ ನೋಡ್ತಾ.

"ಅನ್ನ."

"ಎರಡು ದಿನ ಅನ್ನ ಇಲ್ಲದೆ ಇರೋಕಾಗಲ್ವಾ?"

ಅಂಥ ಪ್ರಶ್ನೆಯನ್ನ ನಮಗೆ ಈವರೆಗೆ ಯಾರೂ ಕೇಳಿರಲಿಲ್ಲ. ಎಲ್ಲಾ ದಡದಲ್ಲೇ ಉಳಿಯಿತು. ಗೊಜ್ಜಿನ ಡಬ್ಬ ಒಂದನ್ನ ಮಾತ್ರ ಹುಬ್ಬಳ್ಳಿಯವನು ಜಾಕೆಟ್ಟಿನೊಳಗೆ ಇಟ್ಟುಕೊಂಡು ಉಳಿಸಿದ.

ತಮಾಷೆ ಅಂದರೆ, ದೋಣಿಯಲ್ಲಿ ನನ್ನ ಕೆಲಸವೇ ಭಾರ. ಗಾಳಿಗೆ ದೋಣಿ ಒಂದು ಕಡೆ ವಾಲಿದಾಗ ಇನ್ನೊಂದು ಕಡೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬೇಕು, ಅಷ್ಟೆ. ಇದನ್ನ ಮನೆಯಲ್ಲಿ ಬಹಳ ಗತ್ತಿನಿಂದ ವಿವರಿಸಿದ್ದೆ. ಸಮತೋಲನ, ಜವಾಬ್ದಾರಿ ಅಂತೆಲ್ಲ. ನನ್ನ ಹೆಂಡತಿ ಪೂರ್ತಿ ಕೇಳಿಸಿಕೊಂಡು ಅಂದಳು, "ಅಂದ್ರೆ ಎರಡು ದಿನ ಕೂತಿರ್ತೀರ. ಅದಕ್ಕೆ ಅಷ್ಟು ದೂರ ಯಾಕ್ರೀ, ನಮ್ಮ ಸೋಫಾ ಇರಲಿಲ್ವಾ?"

೩. ನೈವೇದ್ಯ

ಸ್ಟಾರ್ಟಿಗೆ ಇನ್ನು ಒಂದು ಗಂಟೆ. ಎಲ್ಲರ ಮುಖವೂ ಬಿಗಿದುಕೊಂಡಿತ್ತು. ಆಗ ಹುಬ್ಬಳ್ಳಿಯವನು ತನ್ನ ಕಾರಿನಿಂದ ಒಂದು ಚೀಲ ತಂದ. ಕುಂಕುಮ, ಊದಿನಕಡ್ಡಿ, ತೆಂಗಿನಕಾಯಿ. "ಹೊಸಾ ಬೈಕ್ ತಗೊಂಡ್ರೂ ಪೂಜಾ ಮಾಡ್ತೀವಿ, ಇಷ್ಟು ದೊಡ್ಡ ದೋಣಿಗೆ ಮಾಡಬ್ಯಾಡನು?" ಅಂದ.

ಕ್ಯಾಪ್ಟನ್‌ಗೂ ಖುಷಿಯಾಯಿತು. ಗೆಲುವಿಗೆ ಯಾವ ದೇವರ ಸಹಾಯವೂ ಬೇಡ ಅನ್ನೋ ಸ್ಥಿತಿಯಲ್ಲಿ ಅವರಿರಲಿಲ್ಲ. ದೋಣಿಯ ಮೂತಿಗೆ ಕುಂಕುಮ ಹಚ್ಚಿಸಿಕೊಂಡರು, ಊದಿನಕಡ್ಡಿ ತಾವೇ ಹಿಡಿದರು. ಆಮೇಲೆ ಅವನು ಚೀಲದ ತಳದಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆದ.

ಅಯ್ಯೋ ದೇವರೇ! ಆರು ಜನ ಅಮೆರಿಕನ್ನರು ಒಟ್ಟಿಗೆ ಕಿರುಚಿದರು. ದೋಣಿಯಲ್ಲಿ ಬಾಳೆಹಣ್ಣು ಮಹಾ ಅಪಶಕುನವಂತೆ. ಹಳೇ ವಿಜೇತರೊಬ್ಬರು ಒಂದು ವರ್ಷ ಸೋತಾಗ ದೋಣಿಯೆಲ್ಲಾ ಹುಡುಕಿಸಿದರಂತೆ, ಯಾರದೋ ಬ್ಯಾಗಿನಲ್ಲಿ ಬಾಳೆಹಣ್ಣಿನ ವಾಸನೆಯ ಶ್ಯಾಂಪೂ ಸಿಕ್ಕಿತಂತೆ. ಆ ಮನುಷ್ಯನನ್ನ ಮತ್ತೆ ಹತ್ತಿಸಲೇ ಇಲ್ಲವಂತೆ.

ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. ಬಾಳೆಹಣ್ಣಿಲ್ಲದೆ ನಮಗೆ ಪೂಜೆ ಇಲ್ಲ, ಬಾಳೆಹಣ್ಣಿದ್ದರೆ ಅವರಿಗೆ ರೇಸಿಲ್ಲ. ಗಡಿಯಾರ ಓಡ್ತಿದೆ. ಕ್ಯಾಪ್ಟನ್ ಬೆವರೊರೆಸಿಕೊಂಡು ಬಹಳ ವಿನಯದಿಂದ ಕೇಳಿದರು, "ನಿಮ್ಮ ದೇವರು ಸೇಬು ತಗೋತಾನಾ?"

ಹುಬ್ಬಳ್ಳಿಯವನು ಬಾಳೆಹಣ್ಣನ್ನ ದಡದ ಮೇಲಿಟ್ಟ. "ತಗೋತಾನ್ರಿ" ಅಂದ, "ಅವನೂ ಇಲ್ಲಿಗೆ ಬಂದು ಭಾಳ ವರ್ಷ ಆತು."

೪. ಹರಕೆ

ಎರಡನೇ ದಿನ ಮಧ್ಯಾಹ್ನ ಪಶ್ಚಿಮಕ್ಕೆ ಆಕಾಶ ಕಪ್ಪಾಯಿತು. ಇದನ್ನ ನಗ್ತಾ ಹೇಳ್ತಿದೀನಿ, ಅವತ್ತು ನಗು ಬಂದಿರಲಿಲ್ಲ. ಐದೇ ನಿಮಿಷ. ಗಾಳಿ ಬಂದು ಬಡಿಯಿತು ನೋಡಿ, ದೋಣಿ ಪೂರ್ತಿ ಅಡ್ಡಡ್ಡ ಮಲಗಿತು. ಸೊಂಟದ ಪಟ್ಟಿ ದೋಣಿಗೆ ಸಿಗಿಸಿಕೊಂಡಿದ್ದಕ್ಕೆ ಉಳಿದೆವು. ಕ್ಯಾಪ್ಟನ್ ಕೂಗಿದ್ದು ಅರ್ಧ ಗಾಳಿಗೇ ಹೋಯಿತು. ಮುಖದ ಮೇಲೆ ನೀರು ಕಲ್ಲಿನ ಹಾಗೆ ಹೊಡೀತಿತ್ತು. ನನ್ನ ಮಗಳ ಮುಖ ಕಣ್ಣೆದುರಿಗೆ ಬಂತು, ನಿಜ ಹೇಳ್ತೀನಿ, ಅತ್ತುಬಿಟ್ಟೆ.

ಅಳುತ್ತಲೇ ಹರಕೆ ಹೊರೋಕೆ ಶುರುಮಾಡಿದೆ. ಚಾಮುಂಡಿ ಬೆಟ್ಟ ಹತ್ತಿ ಬರ್ತೀನಮ್ಮಾ, ಒಂದೊಂದು ಮೆಟ್ಟಿಲಿಗೂ ಕುಂಕುಮ ಹಚ್ಚಿ ಹತ್ತುತೀನಿ. ನಂಜನಗೂಡಿನಲ್ಲಿ ಉರುಳುಸೇವೆ. ತಿರುಪತಿಯಲ್ಲಿ ಮುಡಿ. ಧರ್ಮಸ್ಥಳದಲ್ಲಿ ತುಲಾಭಾರ. ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು.

ಇಪ್ಪತ್ತು ನಿಮಿಷಕ್ಕೆ ಗಾಳಿ ಹೊರಟುಹೋಯಿತು. ಎಲ್ಲರೂ ಇದ್ದೀವಾ ಅಂತ ಕ್ಯಾಪ್ಟನ್ ಎರಡು ಸಲ ಎಣಿಸಿದರು. ಹುಬ್ಬಳ್ಳಿಯವನು ಮಾತ್ರ ಬೆರಳು ಮಡಿಸ್ತಾ ಬೇರೇನೋ ಎಣಿಸ್ತಿದ್ದ.

"ನೀ ಹೊತ್ತ ಹರಕೆ ಎಲ್ಲಾ ಕೇಳಿಸಿಕೊಂಡೀನಿ. ನಿನಗಿರೋದು ವರ್ಷಕ್ಕ ಮೂರು ವಾರ ರಜಾ. ತೀರಿಸೂದಕ್ಕ ಆರು ವರ್ಷ ಬೇಕಲೇ!"

ಏನು ವಿಷಯ ಅಂದರು ಕ್ಯಾಪ್ಟನ್. ವಿವರಿಸಿದೆ. ಅವರು ಗಂಭೀರವಾಗಿ ಕೇಳಿದರು, "ಇಷ್ಟೂ ಗೆಲ್ಲೋದಕ್ಕಾ, ಬದುಕೋದಕ್ಕಾ?"

"ಬದುಕೋದಕ್ಕೆ ಮಾತ್ರ, ಸರ್."

"ಹಾಗಾದ್ರೆ ಗೆಲ್ಲೋದಕ್ಕೆ ಇನ್ನೊಂದು ಸೇರಿಸಿಬಿಡು. ನಿನ್ನ ರಜೆಗೆ ನಾನು ಕಾಗದ ಬರೆದುಕೊಡ್ತೀನಿ."

೫. ಮೂರು ನಲವತ್ತು

ಮೂರನೇ ದಿನ, ಸೋಮವಾರ ಬೆಳಿಗ್ಗೆ, ದ್ವೀಪ ಮುಟ್ಟಿದೆವು. ಮುಟ್ಟಿದ ಮೇಲೇ ನೋಡಿ ನಿಜವಾದ ಪ್ರಾಣಸಂಕಟ. ಈ ರೇಸಿನಲ್ಲಿ ಮೊದಲು ಬಂದವರೇ ಗೆದ್ದರು ಅಂತಿಲ್ಲ. ಸಣ್ಣ ದೋಣಿಗಳಿಗೆ ಸಮಯದ ರಿಯಾಯಿತಿ ಇರುತ್ತೆ. ಲೆಕ್ಕ ಹಾಕಿದರೆ ನಮ್ಮನ್ನ ಸೋಲಿಸೋಕೆ ಸಾಧ್ಯ ಇದ್ದದ್ದು ಒಂದೇ ದೋಣಿ, ನಾಲ್ಕು ಜನ ರಿಟೈರ್ಡ್ ಮೇಷ್ಟ್ರುಗಳದ್ದು. ಅದು ಮಧ್ಯಾಹ್ನ ಮೂರು ನಲವತ್ತರ ಒಳಗೆ ಗೆರೆ ದಾಟಿದರೆ ಗೆಲುವು ಅವರದು. ಇಲ್ಲದಿದ್ದರೆ ನಮ್ಮದು. ಆ ದೋಣಿ ಕಾಲು ಮೈಲಿ ಆಚೆ ಕಣ್ಣಿಗೆ ಕಾಣ್ತಿತ್ತು. ಗಾಳಿ ಸತ್ತುಹೋಗಿತ್ತು. ಅದು ನಿಂತಲ್ಲೇ ನಿಂತಿತ್ತು.

ಉಳಿದವರು ಸ್ನಾನ, ಊಟ ಅಂತ ಹೋದರು. ಕಟ್ಟೆಯ ಮೇಲೆ ನಾನು, ಹುಬ್ಬಳ್ಳಿಯವನು, ಕ್ಯಾಪ್ಟನ್, ಮತ್ತೆ ಫೆರಿಯಲ್ಲಿ ಬಂದಿಳಿದ ಮೇಡಂ. ಕ್ಯಾಪ್ಟನ್‌ಗೆ ನೋಡೋಕೆ ಧೈರ್ಯ ಇರಲಿಲ್ಲ, ಟೋಪಿಯನ್ನ ಮುಖದ ಮೇಲೆ ಎಳೆದುಕೊಂಡು ಕೂತರು. ಟೈಮ್ ನೋಡೋ ಕೆಲಸ ನನಗೆ. ಮೇಡಂ ಬೆಂಚಿನ ತುದಿಯಲ್ಲಿ ಕೂತು, ಸಹಿ ಹಾಕಿಸಿಕೊಂಡ ಕಾಗದವನ್ನ ಮಡಚಿ ಬಿಚ್ಚಿ ಮಾಡ್ತಿದ್ದರು.

ಮೂರು ಮೂವತ್ತು. ಮೂರು ಮೂವತ್ತೈದು. ದೋಣಿ ಅಲ್ಲೇ. ಮೂರು ಮೂವತ್ತೊಂಬತ್ತು. "ನಿನ್ನ ವಾಚಲ್ಲಿ ಎಷ್ಟೋ?" ಅಂದೆ. "ಅಷ್ಟ ಐತಿ, ಕರೆಕ್ಟ್" ಅಂದ ಹುಬ್ಬಳ್ಳಿಯವನು. ಮೂರು ನಲವತ್ತು!

"ಗೆದ್ದೆವು!" ಅಂತ ಕೂಗಿದೆ. ಕ್ಯಾಪ್ಟನ್ ಬಟ್ಟೆ ಸಮೇತ ನೀರಿಗೆ ಹಾರಿದರು. ಹುಬ್ಬಳ್ಳಿಯವನು ನನ್ನನ್ನ ಎತ್ತಿ ತಿರುಗಿಸಿದ. ಮೇಡಂ ಮಗಳಿಗೆ ಫೋನ್ ಹಚ್ಚಿ, "ಬರ್ತಿದೀವಿ, ಬರ್ತಿದೀವಿ" ಅಂತ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಆಮೇಲೆ ಮನೆಗೆ ಫೋನ್ ಮಾಡಿದೆ.

"ಬೇಗ ಹೇಳಿ" ಅಂದಳು ಹೆಂಡತಿ. "ಮೂರು ಗಂಟೆಗೆ ಮೀಟಿಂಗ್ ಇದೆ. ಇನ್ನು ಹತ್ತೇ ನಿಮಿಷ."

"ಮೂರು ಗಂಟೆನಾ? ನಾಲ್ಕಾಗ್ತಾ ಬಂತಲ್ಲೇ!"

"ನಿಮಗೆ ನಾಲ್ಕು. ಆ ದ್ವೀಪ ಮಿಷಿಗನ್‌ದಲ್ವೇನ್ರೀ? ನಮಗಿಂತ ಒಂದು ಗಂಟೆ ಮುಂದೆ."

ರೇಸಿನ ಲೆಕ್ಕವೆಲ್ಲ ಶಿಕಾಗೋ ಟೈಮಿನಲ್ಲಿ. ನನ್ನ ಫೋನು ದ್ವೀಪಕ್ಕೆ ಬಂದ ಕೂಡಲೆ ತಾನಾಗೇ ಒಂದು ಗಂಟೆ ಮುಂದಕ್ಕೆ ಹೋಗಿತ್ತು. ಹುಬ್ಬಳ್ಳಿಯವನು ಇರೋದೇ ಮಿಷಿಗನ್‌ನಲ್ಲಿ, ಅವನ ವಾಚು ಇನ್ನೇನು ಹೇಳುತ್ತೆ? ರೇಸು ಮುಗಿಯೋಕೆ ಇನ್ನೂ ಐವತ್ತು ನಿಮಿಷ ಇತ್ತು.

ತಲೆ ಎತ್ತಿ ನೀರಿನ ಕಡೆ ನೋಡಿದೆ. ಮೇಷ್ಟ್ರುಗಳು ಹಾಯಿ ಇಳಿಸ್ತಿದ್ದರು! ಎರಡು ಸಲ ಗೆದ್ದ ಮನುಷ್ಯ ನೀರಿಗೆ ಹಾರಿದಾನೆ ಅಂದಮೇಲೆ ಮುಗಿದೇ ಹೋಯಿತು ಅಂತ ನಂಬಿಬಿಟ್ಟಿದ್ದರು. ಒಬ್ಬರು ಎಂಜಿನ್ ಹಾಕೋಕೆ ಹಿಂದಕ್ಕೆ ನಡೀತಿದ್ದರು. ಎಂಜಿನ್ ಹಾಕಿದರೆ ಔಟ್. ಇನ್ನು ಹತ್ತು ಸೆಕೆಂಡು ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಗೆಲುವು ನಮ್ಮದೇ. ಸುಳ್ಳು ಯಾಕೆ, ಅದರಲ್ಲಿ ನಾಲ್ಕು ಸೆಕೆಂಡು ಮುಚ್ಚಿಕೊಂಡೇ ಇದ್ದೆ.

"ಕ್ಯಾಪ್ಟನ್" ಅಂದೆ. ಹೇಳಿದೆ.

ಅವರು ಏಣಿ ಹತ್ತಿ ಬಂದರು, ಮೈಯೆಲ್ಲಾ ನೀರು ಸುರೀತಿತ್ತು. ಆ ದೋಣಿ ನೋಡಿದರು. ಹೆಂಡತಿಯನ್ನ ನೋಡಿದರು. ಮೇಡಂ ಬೇಡ, ಬೇಡ ಅಂತ ತಲೆ ಆಡಿಸಿದರು. ಕ್ಯಾಪ್ಟನ್ ಬೆಂಚಿನ ಮೇಲಿದ್ದ, ಬೇರೆ ದೋಣಿಗಳ ಜೊತೆ ಮಾತಾಡೋ ರೇಡಿಯೋ ಎತ್ತಿಕೊಂಡರು.

"ಎಂಜಿನ್ ಮುಟ್ಟಬೇಡಿ! ಇನ್ನೂ ನಲವತ್ತೊಂಬತ್ತು ನಿಮಿಷ ಇದೆ. ನನ್ನ ಟೈಮ್ ನೋಡೋನು ಒಬ್ಬ ಗೂಬೆ."

ಹಾಯಿ ಮತ್ತೆ ಮೇಲೇರಿತು. ಅರ್ಧ ಗಂಟೆ ಎಲೆ ಅಲ್ಲಾಡಲಿಲ್ಲ. ಆಮೇಲೆ ಎಲ್ಲಿಂದಲೋ ತಣ್ಣಗೆ ಒಂದು ಗಾಳಿ ಬಂತು. ಆ ದೋಣಿ ಮೆಲ್ಲಗೆ ಮುಂದೆ ಬಂತು, ಬಂತು, ಶಿಕಾಗೋ ಟೈಮ್ ಮೂರು ಮೂವತ್ತಾರಕ್ಕೆ ಗೆರೆ ದಾಟಿತು. ನಾಲ್ಕೇ ನಿಮಿಷದ ಅಂತರದಲ್ಲಿ ನಾವು ಸೋತಿದ್ದೆವು.

ಮೇಷ್ಟ್ರುಗಳು ದಡಕ್ಕಿಳಿದು ಕ್ಯಾಪ್ಟನ್ ಅನ್ನು ಒಬ್ಬೊಬ್ಬರಾಗಿ ತಬ್ಬಿಕೊಂಡರು. ಒಬ್ಬರ ಕಣ್ಣಲ್ಲಿ ನೀರಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕ್ಷಮಿಸಿ ಅಂದೆ. ಕ್ಯಾಪ್ಟನ್ ನನ್ನ ಭುಜದ ಮೇಲೆ ಒದ್ದೆ ಕೈ ಇಟ್ಟು, "ಹೋಗಲಿ ಬಿಡು, ಮುಂದಿನ ವರ್ಷ ಇದೆಯಲ್ಲ" ಅಂದರು. ಸೋತವರ ಮುಖದಲ್ಲಿ ಅಷ್ಟು ಕಳೆ ಇರಬಾರದಿತ್ತು.

ಮೇಡಂ ಅದನ್ನ ನೋಡಿದರು. ಕಾಗದ ಮಡಚಿ ಪರ್ಸಿಗೆ ಹಾಕಿಕೊಂಡರು, ಎದ್ದರು, ನೇರವಾಗಿ ನಮ್ಮ ಹತ್ತಿರ ಬಂದು ನಿಂತರು.

"ಮುಂದಿನ ವರ್ಷ ಇನ್ನೊಂದು ಲೈಫ್ ಜಾಕೆಟ್ ತಗೊಳ್ಳಿ. ನಾನೂ ದೋಣಿ ಹತ್ತುತೀನಿ. ನಿಮ್ಮನ್ನ ನಂಬಿಕೊಂಡ್ರೆ ನಾನು ಮೊಮ್ಮಕ್ಕಳನ್ನ ನೋಡೋದು ಅವರ ಮದುವೇಲೇ." ಗಂಡನ ಕೈಯಿಂದ ರೇಡಿಯೋ ಕಿತ್ತುಕೊಂಡರು. "ಮತ್ತೆ ಇದು, ಇವತ್ತಿನಿಂದಲೇ ನನ್ನ ಹತ್ತಿರ ಇರುತ್ತೆ!"