ಅಂಚೆಡಬ್ಬಿಯ ಚೀಟಿಗಾಗಿ ನಡೆದ ಮಹಾಸಮರ

ಎಲೈ ಯುಗವೇ! ಮನುಷ್ಯನನ್ನು ಎರಡು ಪುಟದ ರೆಸ್ಯೂಮಿನಲ್ಲಿ ತೂಗಿ ಒಂದು ಸಾಲಿನ ವಿಷಾದದಲ್ಲಿ ಬಿಸಾಡುವ ನಿರ್ದಯ ಯುಗವೇ, ಬಾಯಿ ಮುಚ್ಚಿಕೊಂಡು ಕೂತು ಕೇಳು! ಮಳವಳ್ಳಿಸಂಭೂತನೂ, ಡಿಪ್ಲೊಮಾಮಧ್ಯಪರಿತ್ಯಾಗಿಯೂ, ಗುರುವಿಲ್ಲದೆ ಕೋಡಿಂಗ್ ಕಲಿತ ಏಕಾಂಗವೀರನೂ, ನಿರಾಕರಣಪತ್ರಶರಜರ್ಜರಿತವಕ್ಷನೂ ಆದ ಚಲುವರಾಜುವಿನ ಸಮರಕಥನವಿದು.

ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಅವನಿಗೆ ಅನ್ನ ಹಾಕುತ್ತಿದ್ದ ಕಂಪನಿ ಬಾಗಿಲು ಮುಚ್ಚಿತು. ಮೂರು ತಿಂಗಳಲ್ಲಿ ಬೇರೆ ಕೆಲಸ ಹಿಡಿ, ಇಲ್ಲವೇ ಗಂಟುಮೂಟೆ ಕಟ್ಟು ಎಂದಿತು ವೀಸಾ. ಎಂಬತ್ತಾರು ಅರ್ಜಿ ಹಾಕಿದ. ಎಂಬತ್ತೈದು ಕಂಪನಿಗಳು ಒಂದರದನ್ನೊಂದು ಕಾಪಿ ಹೊಡೆದಂತೆ ‘ದುರದೃಷ್ಟವಶಾತ್’ ಎಂದೇ ಶುರುವಿಟ್ಟವು. ಪದವಿ ಇಲ್ಲವಲ್ಲ ಎಂದು ಮೂಗು ಮುರಿದವರೇ ಬಹಳ. ಪದವೀಧರರು ಕೆಡಿಸಿಟ್ಟ ಕೋಡನ್ನು ರಿಪೇರಿ ಮಾಡಿಕೊಂಡೇ ಅವನು ಐದು ವರ್ಷ ಬದುಕಿದ್ದ, ಅದನ್ನು ಕೇಳುವವರು ಯಾರು? ಎಂಬತ್ತಾರನೆಯ ಕಂಪನಿ ಮಾತ್ರ, ‘ಆಯ್ಕೆಯಾಗಿದ್ದೀರಿ, ಕರಾರುಪತ್ರ ಅಂಚೆಯಲ್ಲಿ ಬರುತ್ತದೆ’ ಎಂದಿತು. ಆ ಕಾಗದವನ್ನು ಶುಕ್ರವಾರದೊಳಗೆ ವೀಸಾ ಕೊಡುವ ವಿದೇಶಿಗರ ಕಚೇರಿಗೆ ಮುಟ್ಟಿಸಿದರೆ ಉಳಿದ. ಇಲ್ಲವಾದರೆ ವಿಮಾನ ಹತ್ತಿದ.

ಆದರೆ ಆ ನಾಡಿನ ಧರ್ಮವೇ ಬೇರೆ. ಅಲ್ಲಿ ಅಂಚೆಡಬ್ಬಿಯ ಮೇಲೆ ಹೆಸರಿದ್ದವನೇ ಮನುಷ್ಯ; ಇಲ್ಲದವನ ಕಾಗದ ಬಂದ ದಾರಿಗೇ ವಾಪಸು. ಚಲುವರಾಜು ಹದಿನೈದು ದಿನದ ಹಿಂದಷ್ಟೇ ಬಂದು ಸೇರಿಕೊಂಡಿದ್ದ ಮನೆಯ ಡಬ್ಬಿಯ ಮೇಲೆ ಎರಡು ಬೆರಳಗಲದ ಒಂದೇ ಒಂದು ಚೀಟಿ, ಅದರ ತುಂಬ ಒಂದೇ ಒಂದು ಹೆಸರು: ಪಾಟೀಲ.

ಧಾರವಾಡಧರಾತಿಲಕನೂ ಮೂಲಬಾಡಿಗೆದಾರಶಿಖಾಮಣಿಯೂ ಆದ ಆ ಶಂಕರಗೌಡ ಪಾಟೀಲ, ಸೋಮವಾರ ಬೆಳಿಗ್ಗೆ ಹೊಸ ಚೀಟಿಯನ್ನೂ ಕತ್ತರಿಯನ್ನೂ ಹಿಡಿದು ಡಬ್ಬಿಯ ಮುಂದೆ ನಿಂತ. ಎದುರಿಗೆ ಕರಿಯ ಮಾರ್ಕರನ್ನು ಗದೆಯಂತೆ ಹೆಗಲಿಗೇರಿಸಿ ಚಲುವರಾಜು.

“ತಮ್ಮಾ, ಮ್ಯಾಲಿನ ಸಾಲು ನಂದು. ನೀ ಕೆಳಗ ಸಣ್ಣಂಗ ಬರಕೊ.”

“ಕೆಳಗಾ? ನಾನಾ?” ಚಲುವರಾಜು ಗರ್ಜಿಸಿದ. ನಾಲ್ಕಂತಸ್ತಿನ ಮೆಟ್ಟಿಲಸಾಲು ಪ್ರತಿಧ್ವನಿಸಿತು. “ಎಂಬತ್ತೈದು ಕಂಪನಿಯೋರು ನನ್ನ ಕೆಳಕ್ಕಾಕಿ ತುಳಿದವ್ರೆ, ಈಗ ನೀವೂ ಸುರು ಮಾಡ್ಕಂಡ್ರಾ ಪಾಟೀಲ್ರೇ? ಈ ಡಬ್ಬಿ ಮ್ಯಾಕೆ ನನ್ನೆಸ್ರು ದಪ್ಪಕ್ಕೆ ಕಾಣ್ಬೇಕು. ಬೀದೀಲಿ ಹೋಗೋ ನಾಯೀನೂ ನಿಂತ್ಕಂಡು ಓದ್ಬೇಕು!”

“ಓದಲಿ ಬಿಡು. ಆದ್ರ ಪಾಸ್‌ಪೋರ್ಟಿನ್ಯಾಗ ಏನೈತಿ ನೋಡಿ ಬರಿಯೋ ಪುಣ್ಯಾತ್ಮಾ.”

“ನನ್ನೆಸ್ರು ನಂಗೊತ್ತಿಲ್ವಾ?”

ಕತ್ತರಿ ಝಳಪಿಸಿತು, ಮಾರ್ಕರು ಮುನ್ನುಗ್ಗಿತು, ಸೆಲೋಟೇಪು ಇಬ್ಬರ ಬೆರಳಿಗೂ ನಾಗಪಾಶದಂತೆ ಸುತ್ತಿಕೊಂಡಿತು. ಕಡೆಗೆ ಪಾಟೀಲನೇ, ಟ್ರಾಮು ತಪ್ಪುತ್ತದೆಂಬ ಏಕೈಕ ಭಯದಿಂದ, ಆಯುಧ ಕೆಳಗಿಟ್ಟು ಓಡಿದ. ವಿಜಯಿಯು ಚೀಟಿಯ ಮುಕ್ಕಾಲು ಭಾಗವನ್ನು ಆಕ್ರಮಿಸಿ ‘ಚಲುವರಾಜು’ ಎಂದು ಬರೆದ. ಅಡಿಯಲ್ಲಿ, ಇರುವೆ ಕಾಲಿನಷ್ಟು ಸಣ್ಣದಾಗಿ, ಪಾಟೀಲ.

ಮಂಗಳವಾರ ಕಾದ. ಬುಧವಾರ ಕಾದ. ಗುರುವಾರ ಹನ್ನೊಂದು ಗಂಟೆಗೆ, ಮೆಟ್ಟಿಲ ಕಿಟಕಿಯಲ್ಲಿ ಮೂಗು ಚಪ್ಪಟೆಯಾಗುವಂತೆ ಒತ್ತಿಕೊಂಡು ನಿಂತಿದ್ದವನಿಗೆ, ಪೀತವಸನಧಾರಿಣಿಯಾದ ಅಂಚೆಯಾಕೆ ಗಾಡಿ ತಳ್ಳಿಕೊಂಡು ಬರುವುದು ಕಂಡಿತು. ಆಕೆ ದಪ್ಪ ಲಕೋಟೆಯೊಂದನ್ನು ತೆಗೆದಳು. ಡಬ್ಬಿಗಳನ್ನೆಲ್ಲ ನೋಡಿದಳು. ತಲೆಯಾಡಿಸಿದಳು. ಲಕೋಟೆಯನ್ನು ಮತ್ತೆ ಚೀಲಕ್ಕೆ ತುರುಕಿದಳು.

ನಾಲ್ಕಂತಸ್ತನ್ನು ಅವನು ಇಳಿಯಲಿಲ್ಲ, ಉದುರಿದ. ಒಂದು ಹವಾಯಿ ಚಪ್ಪಲಿ ಮೂರನೆಯ ಮಹಡಿಯಲ್ಲೇ ವೀರಮರಣವನ್ನಪ್ಪಿತು.

“ಅದು ನಂದು!” ಎಂದು ತನ್ನ ಹರಕುಮುರುಕು ಜರ್ಮನ್‌ನಲ್ಲಿ ಕೂಗಿದ.

“ನಿಮ್ಮ ಹೆಸರು?”

“ಚಲುವರಾಜು!”

“ಇದು ಶ್ರೀಮಾನ್ ದೊಡ್ಡಮಾದಯ್ಯ ಅವರಿಗೆ.”

“ಅದು ನಮ್ಮಪ್ಪ!”

“ಒಳ್ಳೆಯದು. ಅವರನ್ನೇ ಕರೆಯಿರಿ.”

“ಅವ್ರು ಮಳವಳ್ಳೀಲವ್ರೆ!”

“ಹಾಗಾದರೆ ವಿಳಾಸ ತಪ್ಪು,” ಎಂದು ಆಕೆ ಗಾಡಿ ತಿರುಗಿಸಿದಳು.

ಆಗ ಅವನಿಗೆ ನೆನಪಾಯಿತು. ಪಾಸ್‌ಪೋರ್ಟ್ ಫಾರಂ ತುಂಬಿದ ದಿನ, ಮನೆತನದ ಹೆಸರೆಂಬ ಕಲಂ ಎದುರಾಗಿತ್ತು. ಇನಿಶಿಯಲ್ ಬಿಟ್ಟರೆ ಬೇರೇನೂ ಇಲ್ಲದ ಅವನು, ಖಾಲಿ ಬಿಡಬಾರದೆಂದು ಅಪ್ಪನ ಹೆಸರನ್ನೇ ಜಡಿದಿದ್ದ. ಹಿಂದಿನ ಮನೆಯ ಡಬ್ಬಿಗೆ ಹಳೆಯ ಕಂಪನಿಯವರೇ ಹೆಸರು ಅಂಟಿಸಿಕೊಟ್ಟಿದ್ದರು; ಅಲ್ಲಿ ಎಲ್ಲರೂ ಚಲುವ, ಚಲುವ ಎನ್ನುತ್ತಿದ್ದರಿಂದ ಇವನು ಮರೆತೇಬಿಟ್ಟಿದ್ದ. ಜರ್ಮನಿಯ ಕಾಗದಪತ್ರಗಳಲ್ಲೆಲ್ಲ ಅವನು ದೊಡ್ಡಮಾದಯ್ಯನೇ.

“ಅಮ್ಮಾ, ಒಂದೇ ನಿಮಿಷ!”

ಕಿಸೆಯಿಂದ ಮಾರ್ಕರು ಹೊರಬಂತು. ಚೀಟಿಯಲ್ಲಿ ಜಾಗವೆಲ್ಲಿದೆ? ಯಾವ ಹೆಸರಿಗಾಗಿ ಧಾರವಾಡವನ್ನೇ ಎದುರು ಹಾಕಿಕೊಂಡಿದ್ದನೋ ಆ ಹೆಸರನ್ನು ತನ್ನ ಕೈಯಾರೆ ಹೊಡೆದುಹಾಕಿ, ಅದರ ನೆತ್ತಿಯ ಮೇಲೆ ಬರೆದ: ದೊಡ್ಡಮಾದಯ್ಯ. ಅಂಚೆಯಾಕೆ ಕನ್ನಡಕ ಸರಿಪಡಿಸಿಕೊಂಡು ಅಕ್ಷರ ಅಕ್ಷರ ಓದಿದಳು. ಚಾಚಿದ ಅವನ ಕೈಯನ್ನು ದಾಟಿ, ಲಕೋಟೆಯನ್ನು ಡಬ್ಬಿಯೊಳಕ್ಕೇ ಬಿಟ್ಟಳು.

ಬೀಗ ತೆಗೆದು, ಲಕೋಟೆ ಹರಿದು ನೋಡಿದರೆ ಅದೇ ಕರಾರುಪತ್ರ! ‘ಮಾನ್ಯ ದೊಡ್ಡಮಾದಯ್ಯನವರೇ, ನಮ್ಮ ಸಂಸ್ಥೆಗೆ ಸ್ವಾಗತ.’

ಒಂದು ಕಾಲಿಗೆ ಚಪ್ಪಲಿಯಿಲ್ಲದ ಮಹಾವೀರನು ತಣ್ಣನೆಯ ಮೆಟ್ಟಿಲ ಮೇಲೆ ಕುಸಿದು, ಮಳವಳ್ಳಿಗೆ ಫೋನು ಹಚ್ಚಿದ.

“ಅಪ್ಪಾ, ನಿಂಗೆ ಜರ್ಮನೀಲಿ ಕೆಲ್ಸ ಸಿಕ್ತು.”

“ಅಂಗಾ? ಯಾವತ್ತು ಬರ್ಬೇಕಂತ್ಲಾ?”

“ಒಂದ್ನೇ ತಾರೀಕು.”

ಆ ಕಡೆಯಿಂದ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದು ಬಂತು.

“ಆಗಕಿಲ್ಲ ಕಣ್ಲಾ. ಅವತ್ತು ಗದ್ದೆಗೆ ನೀರು ಬಿಡೋ ಸರದಿ ನಮ್ದು. ನೀನೇ ಹೋಗು.”